ಪಾಲಿಗೆ ಕೊಟ್ಟ ಆಡು

ಮೊನ್ನೆ ರಾಯಚೂರಿನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯ ಹಿಂದಿನ ಗೋಡೆಗುಂಟ ಬೆಳೆದಿದ್ದ ಸುಬಾಬುಲ್ ಗಿಡಗಳನ್ನು ಕರೆಂಟಿನವರು ಸವರಿ ಹಾಕಿದರು. ತಂತಿಗೆ ತಾಗುತ್ತಿದ್ದವಂತೆ. ಬೆಳಗಿನ ಪಾಳಿ ಮುಗಿಸಿ ಹೊರಗೆ ಬಂದರೆ ದಾರಿ ತುಂಬ ಹಸಿ ಟೊಂಗೆ. ರಾಯಚೂರಿನ ಬಿಸಿಲು ಗೊತ್ತಲ್ಲ, ಕಡಿದ ಎಲೆ ನೋಡನೋಡುತ್ತಲೇ ಬಾಡುತ್ತದೆ. ಆ ಬಾಡುವ ಎಲೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಮುಂದಕ್ಕೆ ಹೋಗಲೊಲ್ಲವು. ಟೊಂಗೆ ಬಿದ್ದ ಸುದ್ದಿಯನ್ನು ಆಡುಗಳಿಗೆ ಯಾರು ಮುಟ್ಟಿಸುತ್ತಾರೋ ಏನೋ, ಎಲ್ಲಿಂದಲೋ ನಾಲ್ಕಾರು ಬಂದು ಮುತ್ತಿಕೊಂಡಿದ್ದವು. ನಾನು ಕೈಚೀಲ ಬೀಸುತ್ತ ಅವನ್ನು ಓಡಿಸತೊಡಗಿದೆ. ಚಹಾದಂಗಡಿಯ ಮುದುಕ ಕೂತಲ್ಲಿಂದಲೇ, "ತಿನ್ನಲಿ ಬಿಡ್ರಿ ಸಿಸ್ಟರ್, ಮೂಕ ಜೀವ. ನಿಮ್ಮ ಗಂಟೇನು ಹೋಗ್ತದ?" ಎಂದ.

ಅವನ ಮಾತು ಸರಿಯೇ. ಒಂದು ಹೊತ್ತು ಒಂದಿಷ್ಟು ತಿಂದರೆ ಆಡಿಗೆ ಏನೂ ಆಗುವುದಿಲ್ಲ, ನನಗೂ ಗೊತ್ತು. ಆದರೂ ಕೊನೆಯ ಆಡು ಓಣಿಯ ಮೂಲೆ ತಿರುಗುವವರೆಗೆ ನಿಂತಿದ್ದು ಆಮೇಲೆ ಮನೆಗೆ ಹೋದೆ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಎಲ್ಲರೂ ಸಲೀಸಾಗಿ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ದೇವದುರ್ಗದಲ್ಲಿ ಇದ್ದ ಆ ಒಂದು ವರ್ಷದ ತನಕ.

ನನ್ನ ಊರು ಮಾನ್ವಿ ತಾಲ್ಲೂಕಿನಲ್ಲಿ, ಪೋತ್ನಾಳದ ರಸ್ತೆಯಿಂದ ಒಳಗೆ, ಕಾಲುವೆಯ ಬದಿಗೆ ಇದೆ. ನಮ್ಮ ಓಣಿಯ ಹೆಂಗಸರೆಲ್ಲ ನಾಟಿಗೆ, ಕಳೆಗೆ, ಮೆಣಸಿನಕಾಯಿ ಬಿಡಿಸುವುದಕ್ಕೆ ಹೋಗುವವರು. ಅವರ ನಡುವಿನಿಂದ ಎದ್ದು ನರ್ಸಿಂಗ್ ಓದಿ ನೌಕರಿ ಹಿಡಿದವಳು ನಾನು. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಹುಲಿಗೆಮ್ಮ ಏಳನೆಯ ತರಗತಿಗೆ ಬಿಟ್ಟಳು. ಯಾರೂ ಬಿಡಿಸಲಿಲ್ಲ, "ಕುಂತು ಕುಂತು ನನ್ನ ಸೊಂಟ ನೋಯ್ತದ" ಎಂದು ತಾನೇ ಎದ್ದು ಹೋದಳು. ಊರಲ್ಲೇ ಸೋದರಮಾವನ ಮಗನನ್ನು ಮದುವೆಯಾದಳು. ಅವನು ಪೋತ್ನಾಳದ ಅಕ್ಕಿ ಗಿರಣಿಯಲ್ಲಿ ಹಮಾಲಿ. ಇವಳದು ಕೂಲಿಯ ಜೊತೆಗೆ ಆಡು ಸಾಕುವ ಕಸುಬು. ಸ್ವಂತದವು ಎರಡಿದ್ದರೆ, ಪಾಲಿನವು ನಾಲ್ಕಾರು.

ಪಾಲು ಎಂದರೆ ನಮ್ಮ ಕಡೆಯ ಹಳೆಯ ಪದ್ಧತಿ. ಆಡು ಒಬ್ಬರದು, ಸಾಕುವ ಕೈ ಇನ್ನೊಬ್ಬರದು, ಹುಟ್ಟಿದ ಮರಿಗಳಲ್ಲಿ ಅರ್ಧ ಅರ್ಧ. ಇದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ, ಬಾಯಿಮಾತೇ ಎಲ್ಲ. ಹಾಗಾಗಿ ಪಾಲಿಗೆ ಕೊಡುವವರು ಆಡಿನ ತಳಿ ನೋಡುವ ಮೊದಲು ಸಾಕುವವರ ನಡತೆ ನೋಡುತ್ತಾರೆ. ಹುಲಿಗೆಮ್ಮನಿಗೆ ಆ ಹೆಸರಿತ್ತು. "ಹುಲಿಗಿ ಕೈಯಾಗ ಕೊಟ್ಟದ್ದು ಎಲ್ಲೂ ಹೋಗಂಗಿಲ್ಲ" ಎಂದು ಮೇಲಿನ ಓಣಿಯ ಗೌಡರ ಮನೆಯವರೂ ಅವಳಲ್ಲೇ ಆಡು ಬಿಟ್ಟಿದ್ದರು. ಹೊಲ ಇದ್ದವರಿಗೆ ಹೊಲ, ಇವಳಿಗೆ ಆ ಹೆಸರು.

ನೌಕರಿ ಸಿಕ್ಕ ಹೊಸತರಲ್ಲಿ ಮನುಷ್ಯರಿಗೆ ಔದಾರ್ಯದ ಜ್ವರ ಬರುತ್ತದೆ. ನನಗೂ ಬಂತು. ಹುಲಿಗೆಮ್ಮನಿಗೆ ಒಂದು ಸೀರೆ ಕೊಟ್ಟೆ. ಮರುದಿನವೇ ನಮ್ಮ ಅವ್ವನ ಮನೆಗೆ ಒಂದು ಪುಟ್ಟಿ ಮೆಣಸಿನಕಾಯಿ ತಂದು ಸುರಿದಳು. ಅವಳಿಗೆ ಏನು ಕೊಟ್ಟರೂ ಹೀಗೇ. ನನಗೆ ಸಿಟ್ಟು ಬಂತು. "ನಾ ಕೊಟ್ಟದ್ದು ಇಟ್ಕೊಳ್ಳಾಕ ನಿನಗೇನು ಧಾಡಿ?" ಎಂದು ಜಗಳ ತೆಗೆದೆ.

"ಸುಮ್ನ ಕೊಟ್ರ ಒಲ್ಲೆ ಬೇ. ಕೊಡೂದೇ ಆದ್ರ ಒಂದು ಆಡು ಪಾಲಿಗೆ ಕೊಡು. ನಿಂದೂ ಆಗ್ತದ, ನಂದೂ ಆಗ್ತದ" ಎಂದಳು.

ಆಗ ನನ್ನನ್ನು ದೇವದುರ್ಗದ ಕಡೆಯ ಒಂದು ಆಸ್ಪತ್ರೆಗೆ ಹಾಕಿದ್ದರು. ಮುಂಗಾರು ಇನ್ನೇನು ಬರಬೇಕು ಅನ್ನುವ ದಿನಗಳಲ್ಲಿ ಹುಲಿಗೆಮ್ಮ ಬಸ್ಸು ಹತ್ತಿ ಬಂದಳು, ಇಬ್ಬರೂ ದೇವದುರ್ಗದ ಸಂತೆಗೆ ಹೋದೆವು. ಮೋಡ ಮುಚ್ಚಿ ಧಗೆ ಏರಿತ್ತು. ಸಂತೆಯಲ್ಲಿದ್ದಷ್ಟೂ ಆಡುಗಳ ಬಾಯಿ ಬಿಡಿಸಿ ಹಲ್ಲು ನೋಡಿದಳು, ಕೆಚ್ಚಲು ಮುಟ್ಟಿದಳು, ಎಡ ಪಕ್ಕೆ ಒತ್ತಿದಳು. ಮಾರುವವನೊಬ್ಬ "ಏನಮ್ಮಾ, ಮದುವಿಗೆ ಹೆಣ್ಣು ನೋಡಾಕತ್ತೀಯೇನು?" ಎಂದು ರೇಗಿಸಿದ. ಇವಳು, "ಹೆಣ್ಣಾಗಿದ್ರ ಇಷ್ಟು ನೋಡ್ತಿದ್ದಿಲ್ಲ ಬಿಡಪ್ಪ" ಎಂದಳು. ಕೊನೆಗೆ ಒಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅದರ ಕಣ್ಣರೆಪ್ಪೆಯನ್ನು ಬೆರಳಿನಿಂದ ಕೆಳಗೆ ಎಳೆದು ನನ್ನನ್ನು ಕರೆದಳು.

"ಇಲ್ಲಿ ನೋಡು. ಒಳಗ ಹಿಂಗ ಕೆಂಪಗಿರಬೇಕು. ಬೆಳ್ಳಗಿತ್ತಂದ್ರ ಹೊಟ್ಟ್ಯಾಗ ಜಂತು ರಕ್ತ ಕುಡ್ಯಾಕತ್ತಾವ ಅಂತ."

"ನಾವೂ ಬಸುರಿ ಹೆಂಗಸರಿಗೆ ಹಿಂಗ ನೋಡ್ತೀವಿ" ಎಂದೆ.

"ಹಂಗಾದ್ರ ಮುಗೀತು, ನೀನೂ ಆಡಿನ ಡಾಕ್ಟರೇ ಆದಿ" ಎಂದು ನಕ್ಕಳು. ಕರಿ ಮೈ, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ಚಂದ್ರಿ ಎಂದು ಹೆಸರಿಟ್ಟೆವು. ಟಂಟಂ ಗಾಡಿಯಲ್ಲಿ ಅದರ ಕುತ್ತಿಗೆ ಹಿಡಿದು ಕೂತ ಹುಲಿಗೆಮ್ಮ ಮೂಲೆ ತಿರುಗುವವರೆಗೂ ಕೈಬೀಸಿದಳು. ಅವಳಿಗೆ ಏನೋ ಕೊಟ್ಟೆ ಎನ್ನುವ ಖುಷಿ ನನಗೆ ಅವತ್ತು ಎಷ್ಟಿತ್ತು ಎಂದರೆ, ಡ್ಯೂಟಿಯಲ್ಲಿ ರೋಗಿಗಳನ್ನು ಬೈಯಲಿಲ್ಲ.

ದೇವದುರ್ಗದಲ್ಲಿ ನನಗೆ ಒಂದು ಕೋಣೆಯ ಕ್ವಾರ್ಟರ್ಸು. ಪಾಳಿ ಮುಗಿದರೆ ಮಾತಾಡಲು ಗೋಡೆ. ಊರು ನೆನಪಾಗುತ್ತಿತ್ತು, ಕಾಲುವೆಯ ನೀರು ನೆನಪಾಗುತ್ತಿತ್ತು. ಆದರೆ ಅಳುಮುಂಜಿ ಎಂದು ಯಾರು ಅನ್ನಿಸಿಕೊಳ್ಳಬೇಕು? ಅದಕ್ಕೆ ಹುಲಿಗೆಮ್ಮನಿಗೆ ದಿನಾ ಫೋನು ಮಾಡಿ ಆಡಿನ ಸುದ್ದಿ ಕೇಳತೊಡಗಿದೆ. ಮೇಯಿತೇ, ಮೆಲುಕು ಹಾಕಿತೇ, ಹಿಕ್ಕೆ ಗಟ್ಟಿಯಾಗಿದೆಯೇ, ನೀರು ಕುಡಿಯಿತೇ. ಅವಳ ಗಂಡ ದೊಡ್ಡ ಫೋನು ತೆಗೆದುಕೊಂಡಿದ್ದ. ಮಾತು ಸಾಲದೆ, "ವಿಡಿಯೊ ಕಳಿಸು, ಕಣ್ಣು ತೋರಿಸು" ಎನ್ನತೊಡಗಿದೆ. ಅವಳು ಮಗಳ ಕೈಗೆ ಫೋನು ಕೊಟ್ಟು, ತಾನು ಚಂದ್ರಿಯ ಕಣ್ಣರೆಪ್ಪೆ ಎಳೆದು ತೋರಿಸುವಳು. ನಾನು ಡ್ಯೂಟಿ ರೂಮಿನಲ್ಲಿ ಕೂತು, "ಚಲೋ ಅದ, ಕೆಂಪಗದ" ಎಂದು ಪಾಸು ಮಾಡುತ್ತಿದ್ದೆ. ದೊಡ್ಡ ಡಾಕ್ಟರು ರೌಂಡಿಗೆ ಬಂದಂತೆ ಇತ್ತು ನನ್ನ ಠೇಂಕಾರ. ಒಡತಿ ಆಗುವುದಕ್ಕೆ ಮನುಷ್ಯರಿಗೆ ಒಂದು ಆಡು ಸಾಕು.

ಒಮ್ಮೆ ಊರಿಗೆ ಹೋದಾಗ ಒಂದು ಥರ್ಮಾಮೀಟರನ್ನೂ ಒಯ್ದೆ. ಚಂದ್ರಿ ಬ್ಯಾ ಎನ್ನುತ್ತಿದ್ದರೂ ಹಿಂದಿನಿಂದ ಹಚ್ಚಿ ನೋಡಿದೆವು. ನೂರಾ ಎರಡೂವರೆ.  ವಾರ್ಡಿನಲ್ಲಿ ಆ ಜ್ವರ ಬಂದರೆ ನಾವು ಓಡಾಡುತ್ತೇವೆ. "ಜ್ವರ ಅದ ಹುಲಿಗಿ! ಹಿಂಡಿನ ಜೋಡಿ ಬಿಟ್ಟು ಏನೋ ಅಂಟಿಸಿಕೊಂಡು ಬಂದದ. ಇನ್ನ ಇದನ್ನ ಹೊರಗ ಬಿಡಬ್ಯಾಡ. ಮನ್ಯಾಗೇ ಕಟ್ಟಿ ಸೊಪ್ಪು ತಪ್ಪಲ ಹಾಕು" ಎಂದು ಅಪ್ಪಣೆ ಮಾಡಿದೆ. ಹುಲಿಗೆಮ್ಮ ಅದರ ಕಿವಿ ಮುಟ್ಟಿ, ಮೂಗು ಮುಟ್ಟಿ, "ಬರೋಬ್ಬರಿ ಅದಲ್ಲಬೇ" ಎಂದಳು. ನಾನು ಕೇಳಲಿಲ್ಲ. ಆಮೇಲೆ ಮಾನ್ವಿಯ ದನದ ಡಾಕ್ಟರನ್ನು ಕೇಳಿದರೆ ಅವರು ಬಿದ್ದು ಬಿದ್ದು ನಕ್ಕರು. ಆಡಿನ ಮೈ ಇರುವುದೇ ಅಷ್ಟು ಬೆಚ್ಚಗಂತೆ. ಮರ್ಯಾದೆಯಿಂದ ಅಪ್ಪಣೆ ವಾಪಸು ತೆಗೆದುಕೊಳ್ಳಬಹುದಿತ್ತು. "ಇರಲಿ, ಹೆಂಗೂ ಗಬ್ಬ ಆಗ್ಯದ, ಮನ್ಯಾಗೇ ಇರಲಿ" ಎಂದೆ.  ಗೌಡರ ಆಡನ್ನಾದರೂ ಹಿಂಡಿಗೆ ಬಿಡುವ ಹುಲಿಗೆಮ್ಮ ನನ್ನ ಆಡನ್ನು ಬಿಡಲಿಲ್ಲ.

ಹಿಂಡಿನಲ್ಲಿ ಹೋದ ಆಡು ಇಲ್ಲೊಂದು ಬಾಯಿ ಅಲ್ಲೊಂದು ಬಾಯಿ ತಿಂದು ಬರುತ್ತದೆ. ಕಟ್ಟಿದ ಆಡಿಗೆ ಅದನ್ನೆಲ್ಲ ಹೊತ್ತು ತರಬೇಕು. ಹುಲಿಗೆಮ್ಮ ಕೂಲಿ ಮುಗಿಸಿ ಬರುವಾಗ ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ದೋಟಿ ಹಿಡಿದು ಬಾರಿ ಗಿಡ, ಜಾಲಿ, ಬನ್ನಿ, ಬೇವು ಎಂದು ಹತ್ತು ಗಿಡದ ತಪ್ಪಲು ಸವರಿ ಹೊರೆ ಕಟ್ಟಿ ತರುತ್ತಿದ್ದಳು. ಒಂದನ್ನೇ ಹಾಕಬಾರದು ಎನ್ನುವುದು ಅವಳಿಗೆ ರೂಢಿಯಿಂದ ಗೊತ್ತಿತ್ತು, ಯಾಕೆ ಎಂದು ಕೇಳಿದರೆ "ನೀ ದಿನಾ ಒಂದ ಪಲ್ಯ ಉಣ್ತೀಯೇನು?" ಎನ್ನುತ್ತಿದ್ದಳು.

ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತು. ಆ ಹೊತ್ತಿಗೆ ವಿಡಿಯೊದಲ್ಲಿ ಚಂದ್ರಿಯ ಮುಂದೆ ದಿನವೂ ಸುಬಾಬುಲ್ ಟೊಂಗೆಯೇ ಕಾಣತೊಡಗಿತು. ಸಣ್ಣ ಸಣ್ಣ ಎಲೆ, ಮೆತ್ತಗೆ, ಹಸಿರೆಂದರೆ ಹಸಿರು. ಚಂದ್ರಿ ಚಪ್ಪರಿಸಿ ತಿನ್ನುತ್ತಿತ್ತು. "ಇದು ಚಲೋ ಕಾಣ್ತದ ನೋಡು, ಮುಳ್ಳಿಲ್ಲ ಏನಿಲ್ಲ, ಇದನ್ನ ಹಾಕು" ಎಂದೆ ನಾನು. ಅವಳು "ಹೂಂ" ಎಂದಳು. ಅವಳ ಹೂಂ ಸಣ್ಣದಾಗಿತ್ತು, ಈಗ ಅನ್ನಿಸುತ್ತದೆ. ಆಗ ನಾನು ಆಡಿನ ಕಣ್ಣು ನೋಡುವುದರಲ್ಲಿದ್ದೆ.

ದಸರೆ ಕಳೆಯುವ ಹೊತ್ತಿಗೆ ಚಂದ್ರಿಯ ಬಾಲದ ಬುಡದಲ್ಲಿ ಕೂದಲು ಉದುರಿತು. ಆಮೇಲೆ ಪಕ್ಕೆಯಲ್ಲಿ. ಬಾಯಲ್ಲಿ ಜೊಲ್ಲು. ದನದ ಡಾಕ್ಟರು ಬಂದು ನೋಡಿ ಗಂಟಲ ಕೆಳಗೆ ಬಾವು ಬಂದದ್ದನ್ನು ಮುಟ್ಟಿ ತೋರಿಸಿದರಂತೆ. ಸುಬಾಬುಲ್ ಬೇರೆ ಮೇವಿನ ಜೊತೆ ಸ್ವಲ್ಪ ಇದ್ದರೆ ಒಳ್ಳೆಯದು, ಬರೀ ಅದನ್ನೇ ಹಾಕಿದರೆ ಮೈಯಲ್ಲಿ ವಿಷ ಕೂಡುತ್ತದೆ, ಅದರಿಂದಲೇ ಇರಬೇಕು, ಖಾತ್ರಿ ಹೇಳಲಾರೆ ಎಂದರಂತೆ. ತಪ್ಪಲು ಬದಲಿಸಿದರು, ಔಷಧ ಕುಡಿಸಿದರು. ದೀಪಾವಳಿಯ ಆಚೀಚೆ ಚಂದ್ರಿ ಎರಡು ಮರಿ ಹಾಕಿತು, ಎರಡೂ ಸತ್ತೇ ಹುಟ್ಟಿದವು. ತಾಯಿ ಏಳಲಿಲ್ಲ. ಹುಲಿಗೆಮ್ಮನ ಗಂಡ ಫೋನು ಮಾಡಿ, "ಆಡು ಹೋತ್ರೀ ಸಿಸ್ಟರ್" ಎಂದ. ನನ್ನ ಗೆಳತಿಯ ಗಂಡ ನನ್ನನ್ನು ಅಲ್ಲಿಯವರೆಗೆ ರತ್ನಕ್ಕ ಎನ್ನುತ್ತಿದ್ದವನು.

ನನಗೆ ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಒಂದಿಷ್ಟು ಸಿಟ್ಟೂ ಬಂತು. ಹೆಸರಾದ ಕೈಯಲ್ಲಿ ಹೀಗಾಯಿತಲ್ಲ ಎನ್ನಿಸಿತು.

ಒಂದೆರಡು ದಿನಕ್ಕೆ ಹುಲಿಗೆಮ್ಮ ನನ್ನ ಕ್ವಾರ್ಟರ್ಸಿನ ಬಾಗಿಲಿಗೆ ಬಂದು ನಿಂತಳು. ತಲೆಯ ಮೇಲೆ ಒಂದು ಗೊಬ್ಬರದ ಚೀಲ. ಮುಖ ಇಳಿದು ಹೋಗಿತ್ತು. ಕಂಡಕ್ಟರು ವಾಸನೆ ಎಂದು ಇಳಿಸಿದನಂತೆ. ಅರ್ಧ ದಾರಿ ಟ್ರ್ಯಾಕ್ಟರಿನಲ್ಲಿ ಬಂದಿದ್ದಳು.

"ಏನಬೇ ಇದು?"

"ಚಂದ್ರಿ."

ಚೀಲದ ಬಾಯಿ ಬಿಚ್ಚಿ, ಉಪ್ಪು ಹಚ್ಚಿ ಮಡಚಿದ್ದ ಚರ್ಮವನ್ನು ಕಟ್ಟೆಯ ಮೇಲೆ ಹರವತೊಡಗಿದಳು. ಆಗ ನನಗೆ ತಿಳಿಯಿತು. ಪಾಲಿನ ಆಡು ಸತ್ತರೆ ಅದರ ಚರ್ಮ ತಂದು ಒಡೆಯನಿಗೆ ತೋರಿಸಬೇಕು. ಕದ್ದು ಮಾರಿಲ್ಲ, ಕೊಯ್ದು ತಿಂದಿಲ್ಲ, ಸತ್ತೇ ಹೋಗಿದೆ ಎನ್ನುವುದಕ್ಕೆ ಅದೇ ಪುರಾವೆ. ಒಡೆಯ ಗುರುತು ನೋಡಿ, ಕೈಯಿಂದ ಮುಟ್ಟಿ, "ಮುಟ್ಟಿತು" ಎನ್ನಬೇಕು. ಅಲ್ಲಿಗೆ ಋಣ ಹರಿಯಿತು. ನಾನು ಸಣ್ಣವಳಿದ್ದಾಗ ನಮ್ಮಪ್ಪ ಹೀಗೇ ಒಂದು ಚರ್ಮ ಹೊತ್ತು ಒಬ್ಬರ ಅಂಗಳದಲ್ಲಿ ನಿಂತಿದ್ದ, ನಾನು ಅವನ ಧೋತರ ಹಿಡಿದುಕೊಂಡಿದ್ದೆ. ಆ ಮನೆಯ ಯಜಮಾನ ಕೈಯಿಂದ ಮುಟ್ಟಲಿಲ್ಲ, ಚಪ್ಪಲಿಯ ತುದಿಯಿಂದ ಮಗುಚಿ ನೋಡಿ "ಹೂಂ, ಹೋಗು" ಎಂದ. 

ನನ್ನ ಮುಂದೆ ನನ್ನ ಗೆಳತಿ ಹಾಗೆ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ. "ಮುಚ್ಚು ಮೊದಲ!" ಎಂದು ಹೆಚ್ಚುಕಡಿಮೆ ಚೀರಿದೆ. "ನಾ ನೋಡಂಗಿಲ್ಲ. ನಾನೇನು ಗೌಡ್ತಿ ಏನ?"

"ನೋಡಬೇ. ಹಣಿ ಮ್ಯಾಲಿನ ಚುಕ್ಕಿ ನೋಡು. ಬಾಲದ ಕಡಿ ಕೂದಲು ಹೋಗಿದ್ದು ನೋಡು. ಮುಟ್ಟಿ ಒಂದು ಮಾತು ಅನ್ನು, ನಾ ಹೋಗ್ತೀನಿ."

"ನಿನ್ನ ಮ್ಯಾಲ ನನಗ ನಂಬಿಕಿ ಇಲ್ಲೇನು? ಹೋಗ್ಲಿ ಬಿಡು ಹುಲಿಗಿ. ನಾ ಏನೂ ಅನ್ನಂಗಿಲ್ಲ."

ಅವಳು ತಲೆ ಎತ್ತಿದಳು. "ಅನ್ನಾಕ ಏನದ?" ಎಂದು ಕೇಳಿದಳು.

 ದೊಡ್ಡ ಮನಸ್ಸು ಮಾಡಿದೆ ಎಂದುಕೊಂಡು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಹೊರಗೆ ಬಂದರೆ ಅವಳು ಚರ್ಮವನ್ನು ಮಡಚಿ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಿದ್ದಳು. ಬಲಗೈಯ ತೋರುಬೆರಳು ಗೂಟದ ಹಾಗೆ ನೆಟ್ಟಗೆ ನಿಂತಿತ್ತು. ಮಡಚುತ್ತಿರಲಿಲ್ಲ. ಹಗ್ಗದ ಒಂದು ತುದಿಯನ್ನು ಹಲ್ಲಿನಿಂದ ಹಿಡಿದು ಎಳೆದಳು.

"ಬೆರಳಿಗೆ ಏನಾತು?"

"ಮುಳ್ಳು."

"ಯಾವಾಗ?"

"ಶ್ರಾವಣದಾಗ. ಜಾಲಿ ಮುಳ್ಳು ಒಳಗ ಮುರೀತು. ಯಕ್ಕಿ ಗಿಡದ ಹಾಲು ಹಚ್ಚಿದೆ, ಕೀವು ತುಂಬ್ತು. ಕೈ ಮೊಣಕೈತನಕ ಬಾತಿತ್ತು. ದೋಟಿ ಹಿಡಿಯಾಕ ಬರಲಿಲ್ಲ. ಕಾಲುವಿ ದಂಡ್ಯಾಗ ಸುಬಾಬುಲ್ ಅದಲ್ಲ, ಅದು ಎಡಗೈಲೆ ಎಳದ್ರೂ ಬರ್ತದ. ಅದನ್ನ ಹಾಕಿದೆ."

"ನನಗ ಯಾಕ ಹೇಳಲಿಲ್ಲ? ನಾ ಎದಕ್ಕ ಇದ್ದೆ? ದಿನಾ ಫೋನ್ ಮಾಡ್ತಿದ್ದೆನಲ್ಲ!"

ಅವಳು ಚೀಲ ತಲೆಗೆ ಏರಿಸಿಕೊಂಡಳು. "ನೀ ಆಡಿನ ಕಣ್ಣು ತೋರಿಸು ಅಂದಿ, ತೋರಿಸಿದೆ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಚಹಾ ಕುಡಿಯದೆ ಹೋದಳು.

ಮರುದಿನ ಮಧ್ಯಾಹ್ನ ಡ್ಯೂಟಿ ರೂಮಿನಲ್ಲಿ ಕೂತು ಫೋನಿನಲ್ಲಿದ್ದ ಹಳೆಯ ವಿಡಿಯೊಗಳನ್ನೆಲ್ಲ ತೆಗೆದು ನೋಡಿದೆ. ಶ್ರಾವಣದ ಪ್ರತಿಯೊಂದರಲ್ಲೂ ಆಡಿನ ಕಣ್ಣಿನ ಪಕ್ಕದಲ್ಲೇ ಆ ಬೆರಳು. ಒಂದರಲ್ಲಿ ಅರಿವೆಯ ಚೂರು ಸುತ್ತಿದೆ. ಇನ್ನೊಂದರಲ್ಲಿ ಅರಿಸಿನ ಮೆತ್ತಿದೆ. ಮತ್ಯಾವುದರಲ್ಲೋ ಬಾತು ಹೊಳೆಯುತ್ತಿದೆ, ರೆಪ್ಪೆ ಎಳೆಯುವಾಗ ನಡುಗುತ್ತಿದೆ. ಆಮೇಲಿನವುಗಳಲ್ಲಿ ಅವಳು ಎಡಗೈಯಿಂದ ರೆಪ್ಪೆ ಎಳೆಯುತ್ತಾಳೆ. ವಾರ್ಡಿನ ಆ ತುದಿಯಲ್ಲಿ ಮಲಗಿದವರ ಕೈಯಲ್ಲಿ ಕೀವಾಗಿದ್ದರೆ ಈ ತುದಿಯಿಂದ ಗುರುತು ಹಿಡಿಯುವವಳು ನಾನು. ಸಕಾಲಕ್ಕೆ ಕೊಯ್ದು ಕೀವು ತೆಗೆದು ನಾಲ್ಕು ದಿನ ಔಷಧ ಕೊಟ್ಟಿದ್ದರೆ ಬೆರಳು ಉಳಿಯುತ್ತಿತ್ತು. ನಾನು ಫೋನು ಕೈಯಲ್ಲಿ ಹಿಡಿದು ಆ ಬೆರಳನ್ನು ದಿನಾ ನೋಡಿದ್ದೆ, ನೋಡಿ "ಕೆಂಪಗದ, ಚಲೋ ಅದ" ಎಂದಿದ್ದೆ.

ಇದಿಷ್ಟೇ ಆಗಿದ್ದರೆ ಒಂದು ಬೆರಳಿನ ಪಾಪ ಎಂದು ಹೊತ್ತುಕೊಳ್ಳುತ್ತಿದ್ದೆ. ಕೆಲವು ದಿನ ಬಿಟ್ಟು ಅವ್ವ ಫೋನು ಮಾಡಿದಳು.

"ನೀ ಚರ್ಮ ಮುಟ್ಟಲಿಲ್ಲಂತಲ್ಲ?"

"ಎದಕ್ಕ ಮುಟ್ಟಬೇಕು ಯವ್ವಾ? ನಮ್ಮ ಹುಲಿಗಿ ಅಲ್ಲೇನು ಅಕಿ?"

"ನಿನಗ ಓದಿಸಿದ್ದು ದಂಡ. ಚರ್ಮ ಹೊತ್ಕೊಂಡು ಹೋದಕಿ ಚರ್ಮ ಹೊತ್ಕೊಂಡೇ ತಿರುಗಿ ಬಂದ್ರ ಊರಾಗ ಏನಂತಾರ? ಸಿಸ್ಟರಮ್ಮ ಪಾಪ ದೊಡ್ಡ ಮನಸ್ಸು ಮಾಡಿ ಬಿಟ್ಟಾಳ, ಖರೆ ಆಡು ಎಲ್ಲಿ ಮಾರಿದ್ಲೋ, ಇದು ಯಾವ ಆಡಿನ ಚರ್ಮಾನೋ ಅನ್ನಾಕತ್ತಾರ. ಗೌಡರು ತಮ್ಮ ಆಡು ಹೊಡ್ಕೊಂಡು ಹೋದ್ರು. ಅವರನ್ನ ನೋಡಿ ಎಲ್ಲಾರೂ ಒಯ್ದ್ರು."

ಹಟ್ಟಿಯಲ್ಲಿ ಅವಳ ಸ್ವಂತದ ಎರಡೇ ಉಳಿದಿದ್ದವು. ನನ್ನಪ್ಪ ತಂದ ಚರ್ಮವನ್ನು ಚಪ್ಪಲಿಯಿಂದ ಮಗುಚಿದವನಾದರೂ ನೋಡಿ "ಹೂಂ" ಎಂದಿದ್ದ, ಅಪ್ಪನ ಹೆಸರು ಉಳಿದಿತ್ತು. ನಾನು ಪ್ರೀತಿಯಿಂದ ಮುಖ ತಿರುಗಿಸಿ ನನ್ನ ಗೆಳತಿಯನ್ನು ಕಳ್ಳಿ ಮಾಡಿದ್ದೆ. ಕ್ಷಮಿಸುವುದಕ್ಕೆ ಹೊರಟವರು, ತಪ್ಪು ನಡೆದಿದೆ ಎಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಈ ಮಾತು ನನಗೆ ಹೊಳೆಯಬೇಕಾದರೆ ಅವಳ ಹಟ್ಟಿ ಬರಿದಾಗಬೇಕಾಯಿತು.

ರಜೆ ಹಾಕಿ ಊರಿಗೆ ಓಡಿದೆ. ಬಸ್ಸು ಇಳಿದವಳೇ ಕಟ್ಟೆಯ ಮೇಲೆ ಕೂತಿದ್ದವರ ಮುಂದೆ ನಿಂತು ಎಲ್ಲರಿಗೂ ಕೇಳಿಸುವಂತೆ, "ಚಂದ್ರಿ ಚರ್ಮ ನಾ ಕಣ್ಣಾರೆ ನೋಡೀನಿ, ಕೈಯಿಂದ ಮುಟ್ಟೀನಿ. ನನ್ನ ಆಡು ಸತ್ತದ್ದು ಖರೆ" ಎಂದೆ. ಯಾರೋ ಒಬ್ಬರು "ಆಗ್ಲವ್ವ, ನಿನ್ನ ಆಡು, ನಿನ್ನ ಮಾತು" ಎಂದರು. ನಂಬಿದ ದನಿಯಲ್ಲ ಅದು. ಅಷ್ಟರಲ್ಲಿ ನೀರಿನ ಕೊಡ ಹೊತ್ತು ಬರುತ್ತಿದ್ದ ಹುಲಿಗೆಮ್ಮ ಅಲ್ಲೇ ನಿಂತಳು.

"ಸುಳ್ಳು ಯಾಕ ಹೇಳ್ತಿ ರತ್ನಿ? ನೀ ನೋಡಿಲ್ಲ" ಎಂದು ಹೇಳಿ ಮುಂದೆ ನಡೆದಳು.

ಅವಳ ಹಿಂದೆಯೇ ಮನೆಗೆ ಹೋದೆ. "ಚರ್ಮ ತೋರಿಸು, ಈಗ ನೋಡ್ತೀನಿ. ಎಲ್ಲಾರನ್ನೂ ಕರೆದು ಅವರ ಮುಂದ ಮುಟ್ತೀನಿ" ಎಂದೆ.

"ಹುಗದೆ. ಈಗ ಏನು ನೋಡ್ತಿ, ಮಣ್ಣು?"

ಕೈ ಹಿಡಿದು ಬೆರಳು ನೋಡಿದೆ. ಅವಳು ಕೊಸರಿಕೊಳ್ಳಲಿಲ್ಲ. ಒತ್ತಾಯ ಮಾಡಿ ರಾಯಚೂರಿಗೆ ಕರೆದುಕೊಂಡು ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿದೆ. ಕೀಲು ಕೂಡಿಕೊಂಡಿದೆ, ತಡವಾಯಿತು ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಹುಲಿಗೆಮ್ಮ ಕಿಟಕಿಯ ಆಚೆ ಭತ್ತದ ಗದ್ದೆ ನೋಡುತ್ತಿದ್ದಳು. "ಒಂದು ಬೆರಳಿನಾಗ ಏನದ ಬಿಡು. ನಾಟಿಗೆ ನಡೀತದ. ಆಡಿನ ಕಣ್ಣು ನೋಡಾಕ ಎಡಗೈ ಅದ. ಆದ್ರ ನೋಡಾಕ ಆಡು ಯಾರು ಕೊಡ್ತಾರ?" ಎಂದಳು.

ಏನೂ ತೋಚದೆ, "ನಿನ್ನದೊಂದು ಮರಿ ನನಗ ಪಾಲಿಗೆ ಕೊಡು. ನಾ ಸಾಕ್ತೀನಿ" ಎಂದೆ. ಅವಳು ನನ್ನ ಕಡೆ ತಿರುಗಿ ನೋಡಿದಳು. 

ಸಂಕ್ರಾಂತಿ ಕಳೆದು ರಾಶಿ ಮುಗಿದ ಮೇಲೆ ಒಂದು ದಿನ ಅವಳೇ ದೇವದುರ್ಗಕ್ಕೆ ಬಂದಳು. ಕಂಕುಳಲ್ಲಿ ಕಂದು ಬಣ್ಣದ ಹೆಣ್ಣು ಮರಿ. "ಹಿಡಿ. ಪಾಲಿಗೆ" ಎಂದಳು. ಮೈ ತೊಳೆದು ತಂದಿದ್ದಳು. ಸುದ್ದಿ ಊರಿಗೆ ಅವಳಿಗಿಂತ ಮೊದಲೇ ತಿರುಗಿ ಮುಟ್ಟಿತು. ಸಿಸ್ಟರಮ್ಮನೇ ಹುಲಿಗಿಯ ಮರಿಯನ್ನು ಪಾಲಿಗೆ ಹಿಡಿದಾಳಂತೆ, ಅಕಿ ಕಳ್ಳಿ ಆಗಿದ್ರ ಹಿಡೀತಿದ್ಲೇನು ಎಂದು ಆಡಿಕೊಂಡರಂತೆ. ಆಮೇಲೆ ಒಂದಿಬ್ಬರು ತಮ್ಮ ಆಡುಗಳನ್ನು ಅವಳಲ್ಲಿಗೆ ತಿರುಗಿ ತಂದು ಬಿಟ್ಟರು. ಗೌಡರು ತರಲಿಲ್ಲ.

ಆ ಬೇಸಿಗೆಯೆಲ್ಲ ನಾನು ಪಾಳಿ ಮುಗಿಸಿ ದೋಟಿ ಹಿಡಿದು ಗುಡ್ಡದ ಬದಿಗೆ ತಿರುಗಿದೆ. ಬೇವು, ಬನ್ನಿ, ಬಾರಿ. ಅಂಗೈ ತರಚಿತು, ಹೆಗಲು ಸೋತಿತು, ಆಸ್ಪತ್ರೆಯಲ್ಲಿ ನನ್ನನ್ನು ಆಡಿನ ಸಿಸ್ಟರ್ ಎಂದು ಕರೆದರು. ದಿನಾ ಆ ಮರಿಯ ಕಣ್ಣರೆಪ್ಪೆಯನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದೆ. ಇನ್ನೊಬ್ಬರ ಜೀವ ನಮ್ಮ ಅಂಗಳದಲ್ಲಿ ಇದ್ದರೆ ಹೇಗಿರುತ್ತದೆ ಎನ್ನುವುದು ಆಗ ತಿಳಿಯಿತು. ಹುಲಿಗೆಮ್ಮ ಫೋನಿನಲ್ಲಿ ಮಾತಾಡುವಾಗ ಮರಿ ಹೇಗಿದೆ ಎಂದು ಕೇಳುತ್ತಲೇ ಇರಲಿಲ್ಲ. ಕೇಳಿದರೆ ವಾಸಿ ಎನ್ನಿಸುತ್ತಿತ್ತು.

ಬಿಸಿಲು ನೆತ್ತಿ ಸುಡುವ ದಿನಗಳಲ್ಲಿ ಮರಿಗೆ ಭೇದಿ ಹತ್ತಿತು. ಬದುಕಿತು ಎಂದು ಮೊದಲೇ ಹೇಳಿಬಿಡುತ್ತೇನೆ, ಆದರೆ ಅವತ್ತು ಅದು ಬದುಕುವ ಲಕ್ಷಣ ಇರಲಿಲ್ಲ. ಡಾಕ್ಟರು ಸೂಜಿ ಚುಚ್ಚಿ ಹೋಗಿದ್ದರು. ನಾನು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಹುಲಿಗೆಮ್ಮನಿಗೆ ಫೋನು ಹಚ್ಚಿದೆ.

"ಹುಲಿಗಿ, ಮರಿ ಮೆಲುಕು ಹಾಕವಲ್ದು. ಕಣ್ಣು ಬೆಳ್ಳಗಾಗ್ಯದ. ನಾ ಬರೀ ಒಂದ ಗಿಡದ್ದು ಹಾಕಿಲ್ಲ, ನೀ ಹೇಳಿದಂಗ ಎಲ್ಲಾ ಕೂಡಿಸಿ ಹಾಕೀನಿ. ನೀರು ಕುದಿಸಿ ಆರಿಸಿ ಕುಡಿಸೀನಿ. ನಂಬು. ತಡಿ, ವಿಡಿಯೊ ಕಳಿಸ್ತೀನಿ, ಕಣ್ಣು ತೋರಿಸ್ತೀನಿ..."

"ಬ್ಯಾಡ, ವಿಡಿಯೊ ಗಿಡಿಯೊ ಬ್ಯಾಡ" ಎಂದಳು ಹುಲಿಗೆಮ್ಮ. "ನೀ ಉಂಡಿಯೇನು?"

"ಇಲ್ಲ."

"ಮೊದಲ ಹೋಗಿ ಉಣ್ಣು. ಉಳಿದ್ರ ಉಳೀತದ. ಇಲ್ಲಂದ್ರ ಅಲ್ಲೇ ಒಂದು ಗಿಡದ ಬುಡಕ ಹುಗಿ." ಫೋನು ಇಡುವ ಮೊದಲು ಮತ್ತೆ ಅಂದಳು, "ಚರ್ಮ ಹೊತ್ಕೊಂಡು ಬರಬ್ಯಾಡ ಬೇ ರತ್ನಿ. ನೀ ಬಾಯಿಲೆ ಹೇಳಿದ್ರ ನನಗ ಸಾಕು."